ಶಾಂಘೈ ಮೆಟ್ರೋ ಇಷ್ಟು ದೊಡ್ಡದಾದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಂಘೈನಲ್ಲಿ ಮೂರು ವರ್ಷ ಇದ್ದು ಬಂದೆ ಅಂತ ಗೊತ್ತಾದ ಕೂಡಲೇ ಬೆಂಗಳೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ಊಟದ ವಿಷಯ. ಆಮೇಲೆ ಮೆಟ್ರೋ ವಿಷಯ. ಊಟದ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮೆಟ್ರೋ ಮಾತು ಪ್ರತಿ ಸಲವೂ ಕಾಫಿ ಆರುವವರೆಗೆ ಹೋಗುತ್ತದೆ. ಅದಕ್ಕೇ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಈಗ ಅದು ಎಷ್ಟು ದೊಡ್ಡದು?

2021ರ ಕೊನೆಗೇ 831 ಕಿಲೋಮೀಟರ್, 508 ಸ್ಟೇಷನ್ ಆಗಿತ್ತು. ಆಮೇಲೂ ಉದ್ದ ಮಾಡುತ್ತಲೇ ಇದ್ದಾರೆ. ಬೆಂಗಳೂರಿನಿಂದ ಬೀದರ್‌ಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್ ಅಲ್ವಾ, ಅದಕ್ಕಿಂತ ಉದ್ದದ ಹಳಿ ಒಂದೇ ಊರಿನಲ್ಲಿದೆ.

ಕೆಲಸದ ದಿನ ಸುಮಾರು ಒಂದು ಕೋಟಿ ಪ್ರಯಾಣ ಆಗುತ್ತದೆ. 2019ರ ಮಾರ್ಚ್ 8ರಂದು ಒಂದೇ ದಿನಕ್ಕೆ 1.3 ಕೋಟಿ ದಾಟಿತ್ತು. ಆದರೆ ಈ ಲೆಕ್ಕ ನೋಡುವಾಗ ಒಂದು ವಿಷಯ ನೆನಪಿರಲಿ. ನೀವು ದಾರಿಯಲ್ಲಿ ಒಂದು ಲೈನಿನಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಅಲ್ಲಿ ಎರಡು ಸಲ ಎಣಿಸುತ್ತಾರೆ. ಹಾಗಾಗಿ ಒಂದು ಕೋಟಿ ಅಂದರೆ ಒಂದು ಕೋಟಿ ಬೇರೆ ಬೇರೆ ಜನ ಅಂತ ಅರ್ಥವಲ್ಲ.

ಶುರುವಾದದ್ದು ಯಾವಾಗ? ಚೀನಾದಲ್ಲಿ ಇದೇ ಮೊದಲಾ?

ಮೊದಲಲ್ಲ. ಬೀಜಿಂಗ್ ಮೆಟ್ರೋ 1969ರದ್ದು. ಟಿಯಾಂಜಿನ್ 1984. ಚೀನಾದ ಮುಖ್ಯ ಭೂಭಾಗದಲ್ಲಿ ಶಾಂಘೈ ಮೂರನೆಯದು. 1993ರ ಮೇ 28ರಂದು 1ನೇ ಲೈನಿನ ದಕ್ಷಿಣದ ಒಂದು ಸಣ್ಣ ತುಂಡು ಓಡಿತು, ಶುಜಿಯಾಹುಯಿಯಿಂದ ಜಿನ್‌ಜಿಯಾಂಗ್ ಪಾರ್ಕ್‌ವರೆಗೆ, ಬರೀ ಐದು ಸ್ಟೇಷನ್. 1995ರ ಏಪ್ರಿಲ್‌ನಲ್ಲಿ ಅದೇ ಲೈನು ದೊಡ್ಡ ರೈಲು ನಿಲ್ದಾಣದವರೆಗೆ ಹೋಯಿತು. ಆಗ ಒಟ್ಟು ಉದ್ದ 16 ಕಿಲೋಮೀಟರ್ ಚಿಲ್ಲರೆ.

ಅಂದರೆ 16ರಿಂದ 831ಕ್ಕೆ ಹೋಗಲು ಹಿಡಿದದ್ದು 26 ವರ್ಷ.

ಅಷ್ಟು ದೊಡ್ಡ ಊರು, 1993ರವರೆಗೆ ಯಾಕೆ ಕಾದರು?

ಮುಖ್ಯ ಕಾರಣ ಮಣ್ಣು. ಶಾಂಘೈ ಇರುವುದು ಯಾಂಗ್ಟ್ಸಿ ನದಿ ಸಾವಿರಾರು ವರ್ಷ ತಂದು ಸುರಿದ ಹೂಳಿನ ಮೇಲೆ. ಅಲ್ಲಿ ಬಂಡೆ ಹುಡುಕಬೇಕಾದರೆ ಆಳ ಆಳಕ್ಕೆ ಹೋಗಬೇಕು. ಸ್ವಲ್ಪ ಅಗೆದರೆ ಸಾಕು, ನೀರು. ನಾಟಿಗೆ ಹದ ಮಾಡಿದ ಗದ್ದೆಯೊಳಗೆ ಕೊಳವೆ ತೂರಿಸಿ, ಅದು ಅಲುಗಾಡದ ಹಾಗೆ ನೋಡಿಕೊಳ್ಳಿ ಅಂದರೆ ಹೇಗಿರುತ್ತದೆ? ಹೆಚ್ಚುಕಮ್ಮಿ ಅದೇ ಕೆಲಸ. 1950ರ ದಶಕದಲ್ಲಿ ಬಂದ ಸೋವಿಯತ್ ತಜ್ಞರು ಈ ಮಣ್ಣಿನಲ್ಲಿ ಸುರಂಗ ರೈಲು ಕಷ್ಟ ಅಂದಿದ್ದರು. ಅಲ್ಲಿಯ ಎಂಜಿನಿಯರುಗಳು ಬಿಡಲಿಲ್ಲ. 1960ರ ದಶಕದಲ್ಲೇ ಹುವಾಂಗ್‌ಪು ನದಿಯ ಪೂರ್ವ ದಡದ ಪುದೋಂಗ್ ಕಡೆಯೂ, ಹೆಂಗ್‌ಶಾನ್ ಪಾರ್ಕ್ ಹತ್ತಿರವೂ ಪ್ರಯೋಗದ ಸುರಂಗ ಕೊರೆದು ನೋಡಿದರು. ಆಗುತ್ತದೆ ಅಂತ ಗೊತ್ತಾಯಿತು. ಆದರೆ ದುಡ್ಡು ಇರಲಿಲ್ಲ, ಕಾಲವೂ ಕೂಡಿ ಬರಲಿಲ್ಲ. ನಿಜವಾದ ಕೆಲಸ ಶುರುವಾದದ್ದು 1990ರಲ್ಲಿ.

ಮೊದಲ ಲೈನಿಗೆ ದುಡ್ಡು ಎಲ್ಲಿಂದ ಬಂತು?

ಜರ್ಮನಿಯಿಂದ. 46 ಕೋಟಿ ಮಾರ್ಕ್ (ಆಗಿನ ಜರ್ಮನ್ ದುಡ್ಡು) ಸಾಲ ಕೊಟ್ಟರು, ಮೊದಲ ರೈಲುಗಳೂ ಅಲ್ಲಿಂದಲೇ ಬಂದವು. ಆಮೇಲಿನ ಲೈನುಗಳಿಗೆ ನಗರ ಸರಕಾರವೂ ಲೈನು ಹಾದುಹೋಗುವ ಜಿಲ್ಲೆಗಳೂ ಸೇರಿ ಬಂಡವಾಳ ಹಾಕುತ್ತವೆ, ಉಳಿದದ್ದಕ್ಕೆ ದೇಶದ ಬ್ಯಾಂಕುಗಳಿಂದ ಸಾಲ. 2000ದಲ್ಲಿ ಶೆನ್‌ಟೊಂಗ್ ಅನ್ನುವ ಸರಕಾರಿ ಕಂಪನಿ ಹುಟ್ಟಿತು. ಮೆಟ್ರೋ ನೋಡಿಕೊಳ್ಳುವುದು ಅದೇ.

ಅಷ್ಟು ಬೇಗ ಕಟ್ಟಿದ್ದು ಹೇಗೆ? ಅಲ್ಲಿ ಸರಕಾರ ಹೇಳಿದರೆ ಆಯ್ತು, ಅದಕ್ಕೇ ಅಲ್ವಾ?

ನನಗೆ ಅತಿ ಜಾಸ್ತಿ ಬಂದಿರುವ ಪ್ರಶ್ನೆ ಇದು. ಅರ್ಧ ಸರಿ.

ಸರಿಯಿರುವ ಅರ್ಧ ಏನೆಂದರೆ, ಚೀನಾದಲ್ಲಿ ಊರಿನ ನೆಲವೆಲ್ಲ ಸರಕಾರದ್ದು. ಜನರಿಗೆ ಇರುವುದು ಬಳಸುವ ಹಕ್ಕು. ಹಾಗಾಗಿ ಒಂದು ಬೀದಿಯ ಮನೆಗಳನ್ನು ತೆರವು ಮಾಡಬೇಕು ಅಂದರೆ ನಮ್ಮಲ್ಲಿ ಕೋರ್ಟಿನಲ್ಲಿ ಕಳೆಯುವ ವರ್ಷಗಳು ಅಲ್ಲಿ ಕಳೆಯುವುದಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಹಳೆಯ ಓಣಿ ಮನೆಗಳಲ್ಲಿ ಮೂರು ತಲೆಮಾರಿನಿಂದ ಇದ್ದವರು ಊರಾಚೆಯ ಎತ್ತರದ ಅಪಾರ್ಟ್‌ಮೆಂಟುಗಳಿಗೆ ಹೋಗಬೇಕಾಯಿತು. ಹೊಸ ಮನೆಯಲ್ಲಿ ಸ್ವಂತ ಅಡುಗೆಮನೆ, ಸ್ವಂತ ಬಚ್ಚಲು ಸಿಕ್ಕಿತು ಅಂತ ಖುಷಿಪಟ್ಟವರೂ ಇದ್ದಾರೆ, ಅಕ್ಕಪಕ್ಕದವರೆಲ್ಲ ದಿಕ್ಕಾಪಾಲಾದರು ಅಂತ ಇವತ್ತಿಗೂ ಕೊರಗುವವರೂ ಇದ್ದಾರೆ. ನಮ್ಮ ಕಟ್ಟಡದ ಕೆಳಗೆ ಸಂಜೆ ಕೂರುತ್ತಿದ್ದ ಒಬ್ಬ ಅಜ್ಜಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಇನ್ನರ್ಧಕ್ಕೂ ಸರಕಾರದ ಹುಕುಮಿಗೂ ಸಂಬಂಧ ಇಲ್ಲ. ಅದು ಕೆಲಸ ಕಲಿತ ಕಥೆ. ಒಂದು ಲೈನು ಮುಗಿಸಿ, ಉದ್ಘಾಟನೆ ಮಾಡಿ, ಎರಡು ವರ್ಷ ಬಿಟ್ಟು ಇನ್ನೊಂದಕ್ಕೆ ಟೆಂಡರ್ ಕರೆಯುವ ಪದ್ಧತಿಯನ್ನು ಅವರು ಬಿಟ್ಟುಬಿಟ್ಟರು. ಇಡೀ ಜಾಲದ ನಕ್ಷೆ ಮೊದಲೇ ಬರೆದರು. ಯಾವ ಲೈನು ಯಾವುದನ್ನು ಎಲ್ಲಿ ದಾಟುತ್ತದೆ ಅಂತ ಗೊತ್ತಿದ್ದರಿಂದ ಹಲವು ಲೈನುಗಳ ಕೆಲಸ ಒಟ್ಟಿಗೇ ನಡೆಯಿತು. ಒಂದು ಕಡೆ ಕೊರೆದು ಮುಗಿಸಿದ ಯಂತ್ರ ಇನ್ನೊಂದು ಕಡೆ ಇಳಿಯಿತು, ಅದನ್ನು ನಡೆಸಿ ಪಳಗಿದ ತಂಡವೂ ಜೊತೆಗೇ ಹೋಯಿತು. ಹತ್ತನೇ ಸಲ ಅದೇ ಕೆಸರಿನಲ್ಲಿ ಕೊರೆಯುವವನಿಗೆ ಮೊದಲ ಸಲದ ಭಯ ಇರುವುದಿಲ್ಲ.

ಒಂದು ಉದಾಹರಣೆ ನೋಡಿ. 1ನೇ ಲೈನು ಹುವಾಯ್‌ಹಾಯ್ ರಸ್ತೆಯ ಕೆಳಗೆ ಹೋಗುತ್ತದೆ. ಊರಿನ ಹಳೆಯ ಶಾಪಿಂಗ್ ಬೀದಿ ಅದು. ನಮ್ಮ ಕಮರ್ಷಿಯಲ್ ಸ್ಟ್ರೀಟ್, ಎಂ.ಜಿ. ರೋಡ್ ಎರಡೂ ಸೇರಿದ ಹಾಗೆ ಅಂದುಕೊಳ್ಳಿ. ಅಲ್ಲಿ ಗುಂಡಿ ತೋಡಿ, ತಳದಿಂದ ಮೇಲಕ್ಕೆ ಸ್ಟೇಷನ್ ಕಟ್ಟುತ್ತಾ ಕೂತರೆ ಅಂಗಡಿಯವರು ಬೀದಿಗೆ ಬರುತ್ತಾರೆ. ಅದಕ್ಕೆ ಅಲ್ಲಿನ ಮೂರು ಸ್ಟೇಷನ್‌ಗಳನ್ನು ತಲೆಕೆಳಗಾಗಿ ಕಟ್ಟಿದರು. ಮೊದಲು ಎರಡೂ ಬದಿಯ ಗೋಡೆ, ನಡುವಿನ ಕಂಬಗಳನ್ನು ನೆಲದೊಳಗೆ ಇಳಿಸಿದರು. ಮೇಲೆ ಚಾವಣಿ ಹಾಕಿದರು. ಚಾವಣಿ ಗಟ್ಟಿಯಾದ ಮೇಲೆ ಅದರ ಮೇಲೆಯೇ ರಸ್ತೆ ಮಾಡಿ ವಾಪಸ್ ಬಿಟ್ಟುಕೊಟ್ಟರು. ಆಮೇಲೆ ಜನ ಮೇಲೆ ಓಡಾಡುತ್ತಿರುವಾಗ ಕೆಳಗೆ ಮಣ್ಣು ತೆಗೆಯುತ್ತಾ ಒಂದೊಂದೇ ಮಹಡಿ ಇಳಿದರು. ರಸ್ತೆ ಬಂದ್ ಆಗಿದ್ದ ಕಾಲ ಬಹಳ ಕಡಿಮೆಯಾಯಿತು. ಇದಕ್ಕೆ ಬೇಕಾದದ್ದು ತಲೆ, ತಾಳ್ಮೆ. ಹುಕುಮು ಬೇಕಿಲ್ಲ.

2010ರ ಎಕ್ಸ್‌ಪೋಗಾಗಿಯೇ ಕಟ್ಟಿದರು ಅನ್ನುತ್ತಾರಲ್ಲ?

ಎಕ್ಸ್‌ಪೋ ಅಂದರೆ ಆ ವರ್ಷ ಶಾಂಘೈನಲ್ಲಿ ನಡೆದ ವಿಶ್ವ ಮೇಳ. ಅದು ಇಲ್ಲದಿದ್ದರೂ ಕಟ್ಟುತ್ತಿದ್ದರು. ಆದರೆ ಗಡುವು ಕೊಟ್ಟದ್ದು ಎಕ್ಸ್‌ಪೋ. ಮದುವೆ ದಿನ ಗೊತ್ತಾದ ಮೇಲೆ ಮನೆಗೆ ಸುಣ್ಣಬಣ್ಣ ತಾನಾಗಿ ಮುಗಿಯುತ್ತದಲ್ಲ, ಹಾಗೆ. 2007ರ ಡಿಸೆಂಬರ್ 29ರಂದು ಒಂದೇ ದಿನ 6, 8, 9ನೇ ಲೈನುಗಳು ಶುರುವಾದವು, 4ನೇ ಲೈನಿನ ವರ್ತುಲವೂ ಅವತ್ತೇ ಕೂಡಿಕೊಂಡಿತು. 2010ರ ಮೇ 1ಕ್ಕೆ ಎಕ್ಸ್‌ಪೋ ಬಾಗಿಲು ತೆರೆಯುವ ಹೊತ್ತಿಗೆ ಜಾಲ 400 ಕಿಲೋಮೀಟರ್ ದಾಟಿತ್ತು. ಆರು ತಿಂಗಳಲ್ಲಿ ಎಕ್ಸ್‌ಪೋಗೆ ಬಂದವರು 7 ಕೋಟಿಗೂ ಹೆಚ್ಚು. ಅಷ್ಟು ಜನರನ್ನು ಬಸ್ಸಿನಲ್ಲಿ ಹೊರುವುದು ಆಗದ ಮಾತಾಗಿತ್ತು.

ತಪ್ಪೇ ಮಾಡಲಿಲ್ಲವಾ?

ಮಾಡಿದರು. ಅದರಲ್ಲಿ ಒಂದನ್ನು ನಾನು ದಿನಾ ಬೆಳಿಗ್ಗೆ ಅನುಭವಿಸುತ್ತಿದ್ದೆ.

ಅದು 6ನೇ ಲೈನು. ಪುದೋಂಗ್‌ನ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಯೋಜನೆ ಮಾಡುವಾಗ ಈ ಕಡೆ ಅಷ್ಟು ಜನ ಬರುವುದಿಲ್ಲ ಅಂತ ಲೆಕ್ಕ ಹಾಕಿ, ನಾಲ್ಕೇ ಬೋಗಿಯ ಸಣ್ಣ ರೈಲಿಗೆ ಕಟ್ಟಿಬಿಟ್ಟರು. ಬೋಗಿಗಳೂ ಕಿರಿದು, 2.6 ಮೀಟರ್ ಅಗಲ. 1ನೇ ಲೈನಿನ ಬೋಗಿ 3 ಮೀಟರ್. ಲೈನು ಬಂತು, ಅದರ ಹಿಂದೆಯೇ ಮನೆಗಳು ಎದ್ದವು, ಬಾಡಿಗೆ ಕಡಿಮೆ ಅಂತ ನನ್ನಂಥವರೆಲ್ಲ ಅಲ್ಲಿಗೇ ಹೋದೆವು. ಬೆಳಿಗ್ಗೆ ಎಂಟಕ್ಕೆ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಮೊದಲ ರೈಲು ಬಂದು ಬಾಗಿಲು ತೆಗೆಯುತ್ತದೆ, ಒಳಗಿನವರು ಉಸಿರು ಬಿಗಿಹಿಡಿದು ನಿಂತಿರುತ್ತಾರೆ, ಒಬ್ಬರೂ ಇಳಿಯುವುದಿಲ್ಲ, ಹೊರಗಿನಿಂದ ಇಬ್ಬರು ಹೇಗೋ ತೂರಿಕೊಳ್ಳುತ್ತಾರೆ, ಬಾಗಿಲು ಎರಡು ಸಲ ಮುಚ್ಚಲು ನೋಡಿ ಮೂರನೇ ಸಲ ಮುಚ್ಚುತ್ತದೆ. ಎರಡನೆಯದೂ ಹಾಗೇ. ಮೂರನೆಯದಕ್ಕೆ ನಾನು ಹತ್ತುತ್ತಿದ್ದೆ. ಸೆಂಚುರಿ ಅವೆನ್ಯೂ ಬಂದಾಗ ರೈಲು ಪೂರ್ತಿ ಖಾಲಿ ಆಗುತ್ತಿತ್ತು. ಅಲ್ಲಿ 2, 4, 6, 9 ಅಂತ ನಾಲ್ಕು ಲೈನುಗಳು ಸೇರುತ್ತವೆ. ಬಾಗಿಲು ತೆರೆದ ಕೂಡಲೇ ನೂರಾರು ಜನ ಒಂದೇ ಸಮ ಓಡುತ್ತಾರೆ, ಯಾರೂ ಮಾತಾಡುವುದಿಲ್ಲ, ಬರೀ ಚಪ್ಪಲಿ ಶೂಗಳ ಸದ್ದು. ಮೊದಲ ದಿನ ಏನೋ ಆಗಿದೆ ಅಂತ ಹೆದರಿದ್ದೆ. ಎರಡನೇ ವಾರ ನಾನೂ ಓಡುತ್ತಿದ್ದೆ.

ರೈಲಿಗೆ ಇನ್ನೆರಡು ಬೋಗಿ ಸೇರಿಸಿದರೆ ಆಯ್ತಲ್ಲ ಅನ್ನಬಹುದು. ಆಗುವುದಿಲ್ಲ. ಪ್ಲಾಟ್‌ಫಾರ್ಮ್ ಉದ್ದವೇ ನಾಲ್ಕು ಬೋಗಿಯದ್ದು. ನೆಲದಡಿಯ ಸ್ಟೇಷನ್ನನ್ನು ಆಮೇಲೆ ಉದ್ದ ಮಾಡುವುದು ಅಂದರೆ ಹೊಸದು ಕಟ್ಟಿದಷ್ಟೇ ಕಷ್ಟ.

ಈಗ 1ನೇ ಲೈನು ನೋಡಿ. 1993ರಲ್ಲಿ ಓಡಿದ್ದು ಆರು ಬೋಗಿಯ ರೈಲು. ಪ್ಲಾಟ್‌ಫಾರ್ಮ್ ಮಾತ್ರ ಎಂಟು ಬೋಗಿಗೆ ಕಟ್ಟಿದ್ದರು, ಆ ಬಡತನದ ಕಾಲದಲ್ಲಿ, ಸಾಲದ ದುಡ್ಡಿನಲ್ಲಿ. ಹತ್ತು ಹದಿನೈದು ವರ್ಷದ ನಂತರ ಜನ ಜಾಸ್ತಿಯಾದಾಗ ನಡುವೆ ಎರಡೆರಡು ಬೋಗಿ ಸೇರಿಸಿದರು, ಮುಗಿಯಿತು. ಒಂದು ಊರು ಮೆಟ್ರೋ ಕಟ್ಟುವಾಗ ಎಲ್ಲಿ ಬೇಕಾದರೂ ಉಳಿಸಲಿ, ಪ್ಲಾಟ್‌ಫಾರ್ಮ್ ಉದ್ದದಲ್ಲಿ ಮಾತ್ರ ಉಳಿಸಬಾರದು. ಈ ಮಾತಿನಲ್ಲಿ ನಾನು ಹಟ ಬಿಡುವುದಿಲ್ಲ.

16ನೇ ಲೈನಿನದೂ ಸ್ವಲ್ಪ ಇದೇ ಕಥೆ. 2013ರ ಡಿಸೆಂಬರ್‌ನಲ್ಲಿ ಮೂರು ಬೋಗಿಯ ರೈಲುಗಳೊಂದಿಗೆ ಶುರು ಮಾಡಿ ಜನರ ಬೈಗುಳ ತಿಂದರು. ಆದರೆ ಅಲ್ಲಿ ಪ್ಲಾಟ್‌ಫಾರ್ಮ್ ಉದ್ದವಿತ್ತು. ಮೂರು ಮೂರು ಜೋಡಿಸಿ ಆರು ಮಾಡಿಕೊಂಡರು.

ದೊಡ್ಡ ಅಪಘಾತಗಳು ಆಗಿವೆಯಾ?

ಎರಡನ್ನು ಹೇಳಲೇಬೇಕು.

2003ರ ಜುಲೈ 1. 4ನೇ ಲೈನಿನ ಜೋಡಿ ಸುರಂಗಗಳನ್ನು ಹುವಾಂಗ್‌ಪು ನದಿಯ ದಡದ ಹತ್ತಿರ ಒಂದು ಅಡ್ಡ ದಾರಿಯಿಂದ ಸೇರಿಸುತ್ತಿದ್ದರು. ಅಷ್ಟು ಮೆತ್ತನೆ ಮಣ್ಣಿನಲ್ಲಿ ಸುಮ್ನೆ ಅಗೆಯಲು ಆಗುವುದಿಲ್ಲ. ಸುತ್ತಲೂ ಕೊಳವೆ ಹಾಕಿ, ತಣ್ಣನೆಯ ಉಪ್ಪುನೀರು ಹರಿಸಿ, ಮಣ್ಣನ್ನೇ ಮಂಜುಗಡ್ಡೆ ಮಾಡಿ, ಆಮೇಲೆ ಅಗೆಯುತ್ತಾರೆ. ಆ ಗಡ್ಡೆ ಸರಿಯಾಗಿ ಕಟ್ಟಿರಲಿಲ್ಲ. ನೀರು ಮರಳು ನುಗ್ಗಿ ಸುರಂಗ ಕುಸಿಯಿತು, ಮೇಲಿನ ಕಟ್ಟಡಗಳು ವಾಲಿದವು, ನದಿಯ ತಡೆಗೋಡೆಯೂ ಒಡೆಯಿತು. ಜನರನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಯಾರೂ ಸಾಯಲಿಲ್ಲ. 4ನೇ ಲೈನು 2005ರ ಕೊನೆಯಲ್ಲಿ ಶುರುವಾದಾಗ ವರ್ತುಲದಲ್ಲಿ ಆ ಒಂದು ತುಂಡು ಇರಲೇ ಇಲ್ಲ, ಕಚ್ಚಿದ ಚಕ್ಕುಲಿಯ ಹಾಗೆ. ಕುಸಿದ ಜಾಗದಲ್ಲೇ ಆಳದ ಗುಂಡಿ ತೋಡಿ ಮತ್ತೆ ಕಟ್ಟಿ ಸೇರಿಸಿದ್ದು 2007ರಲ್ಲಿ.

ಇನ್ನೊಂದು 2011ರ ಸೆಪ್ಟೆಂಬರ್ 27ರದ್ದು. 10ನೇ ಲೈನಿನಲ್ಲಿ ಸಿಗ್ನಲ್ ಹೋಯಿತು. ರೈಲುಗಳನ್ನು ಫೋನಿನಲ್ಲಿ ಹೇಳಿ ಕಳಿಸಲು ಶುರು ಮಾಡಿದರು. ಮುಂದೆ ರೈಲು ನಿಂತಿದೆ ಅಂತ ಸರಿಯಾಗಿ ನೋಡದೆ ಹಿಂದಿನದಕ್ಕೆ ದಾರಿ ಬಿಟ್ಟರು. ಡಿಕ್ಕಿಯಾಗಿ 270ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಅದೇ ವರ್ಷ ಜುಲೈನಲ್ಲಿ ವೆನ್‌ಝೋ ಬಳಿ ಹೈಸ್ಪೀಡ್ ರೈಲು ಅಪಘಾತದಲ್ಲಿ 40 ಜನ ಸತ್ತಿದ್ದರು. ಹಾಗಾಗಿ ಇಡೀ ದೇಶವೇ ಕೇಳಿತು, ಇಷ್ಟು ಅವಸರ ಯಾಕೆ ಅಂತ. ಕೇಳಬೇಕಾದ ಪ್ರಶ್ನೆಯೇ ಅದು.

ಟಿಕೆಟ್ ಎಷ್ಟು?

ಮೊದಲ 6 ಕಿಲೋಮೀಟರ್‌ಗೆ 3 ಯುವಾನ್, ಅಂದರೆ 35 ರೂಪಾಯಿಯ ಆಸುಪಾಸು. ಆಮೇಲೆ ಪ್ರತಿ 10 ಕಿಲೋಮೀಟರ್‌ಗೆ 1 ಯುವಾನ್ ಜಾಸ್ತಿ. ದೂರ ಹೋದಷ್ಟೂ ಅಗ್ಗ. ಅಲ್ಲಿನ ಸಂಬಳಕ್ಕೆ ಇದು ತುಂಬಾ ಕಡಿಮೆ. ಈ ದುಡ್ಡಿನಲ್ಲಿ ಕಟ್ಟಿದ ಸಾಲ ತೀರುವುದಿಲ್ಲ, ತೀರಬೇಕು ಅಂತ ಅವರು ಟಿಕೆಟ್ ದರ ಇಟ್ಟೂ ಇಲ್ಲ. ನನಗೆ ಇದು ಸರಿ ಅನಿಸುತ್ತದೆ. ಚರಂಡಿಯಿಂದ ಲಾಭ ಬಂತಾ ಅಂತ ಯಾರೂ ಕೇಳುವುದಿಲ್ಲವಲ್ಲ.

ಮ್ಯಾಗ್ಲೆವ್ ಕೂಡ ಮೆಟ್ರೋನೇನಾ?

ಬೇರೆ. ಮ್ಯಾಗ್ಲೆವ್ ಅಂದರೆ ಅಯಸ್ಕಾಂತದ ಬಲದಿಂದ ಹಳಿ ಮುಟ್ಟದೆ ತೇಲಿ ಓಡುವ ರೈಲು. ಅದು ಲೊಂಗ್‌ಯಾಂಗ್ ರೋಡ್‌ನಿಂದ ಪುದೋಂಗ್ ವಿಮಾನ ನಿಲ್ದಾಣಕ್ಕೆ 30 ಕಿಲೋಮೀಟರ್ ಮಾತ್ರ. ಗಂಟೆಗೆ 431 ಕಿಲೋಮೀಟರ್ ವೇಗ ಅಂತ ಹೆಸರಾಗಿತ್ತು, 2021ರಿಂದ 300ಕ್ಕೆ ಇಳಿಸಿದ್ದಾರೆ. ಒಂದು ಸಲ ಹತ್ತಿ ನೋಡಿ. ಊರಿನವರು ದಿನಾ ಓಡಾಡುವುದು 2ನೇ ಲೈನಿನಲ್ಲೇ.

ಮೆಟ್ರೋದಲ್ಲಿ ಬೇರೆ ರಾಜ್ಯಕ್ಕೆ ಹೋಗಬಹುದು ಅಂತ ಕೇಳಿದೆ, ನಿಜಾನಾ?

ನಿಜ. 11ನೇ ಲೈನು 2013ರಲ್ಲಿ ಪಕ್ಕದ ಜಿಯಾಂಗ್ಸು ಪ್ರಾಂತ್ಯದ ಹುವಾಚಿಯಾವ್‌ಗೆ ಹೋಯಿತು. ಚೀನಾದಲ್ಲಿ ಪ್ರಾಂತ್ಯದ ಗಡಿ ದಾಟಿದ ಮೊದಲ ಮೆಟ್ರೋ ಅದೇ. 2023ರ ಜೂನ್‌ನಲ್ಲಿ ಸುಝೋ ಊರಿನ ಮೆಟ್ರೋ ಅದೇ ಹುವಾಚಿಯಾವ್‌ಗೆ ಬಂದು ಸೇರಿತು. ಈಗ ಪುರುಸೊತ್ತಿದ್ದರೆ ಶಾಂಘೈನಿಂದ ಸುಝೋಗೆ ಮೆಟ್ರೋದಲ್ಲೇ ಹೋಗಬಹುದು.

ಅನೌನ್ಸ್‌ಮೆಂಟ್ ಯಾವ ಭಾಷೆಯಲ್ಲಿ?

ನಾವು ಕನ್ನಡದವರು ಇದನ್ನು ಕೇಳಿಯೇ ಕೇಳುತ್ತೇವೆ. ಎಲ್ಲ ಕಡೆ ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್, ಜೊತೆಗೆ ಇಂಗ್ಲಿಷ್. ಊರಿನ ಸ್ವಂತ ನುಡಿ ಶಾಂಘೈನೀಸ್. ಅದು ಮ್ಯಾಂಡರಿನ್ ಬಲ್ಲವರಿಗೂ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಮ್ಯಾಂಡರಿನ್ ಮಾತ್ರ ಇರುವುದರಿಂದ ಈಗಿನ ಮಕ್ಕಳು ಅದನ್ನು ಸರಿಯಾಗಿ ಆಡುವುದಿಲ್ಲ ಅಂತ ಹಳಬರಿಗೆ ಬೇಸರ. 16ನೇ ಲೈನಿನಂಥ ಕೆಲವು ಕಡೆ ಮಾತ್ರ ಸ್ಟೇಷನ್ ಹೆಸರನ್ನು ಶಾಂಘೈನೀಸ್‌ನಲ್ಲೂ ಹೇಳುತ್ತಾರೆ. ಒಂದು ಭಾನುವಾರ ಆ ಲೈನಿನಲ್ಲಿ ಹೋಗುವಾಗ, ಆ ದನಿ ಬಂದ ಕೂಡಲೇ ಎದುರು ಕೂತಿದ್ದ ತಾತ ಮೊಮ್ಮಗಳಿಗೆ ಅದೇ ಹೆಸರನ್ನು ಮತ್ತೆ ಹೇಳಿಕೊಟ್ಟರು. ಅವಳು ತಪ್ಪು ಹೇಳಿದಳು. ಅವರು ಮತ್ತೆ ಹೇಳಿದರು. ಮುಂದಿನ ಸ್ಟೇಷನ್ ಬರುವವರೆಗೂ ಇದೇ ನಡೆಯಿತು.

ಚೀನಾದ ಎಲ್ಲ ಊರುಗಳೂ ಹೀಗೇ ಕಟ್ಟುತ್ತಿವೆಯಾ?

ಕಟ್ಟಲು ಹೊರಟಿದ್ದವು, ಕೇಂದ್ರ ಸರಕಾರ ತಡೆಯಿತು. ಸಾಲ ಮಾಡಿ ಮೆಟ್ರೋ ಕಟ್ಟುವ ಉಮೇದು ಸಣ್ಣ ಊರುಗಳಿಗೂ ಹಬ್ಬಿತ್ತು. ಒಳ ಮಂಗೋಲಿಯಾದ ಬಾವ್‌ಟೋ ಊರಿನಲ್ಲಿ ಶುರುವಾದ ಕೆಲಸವನ್ನು 2017ರಲ್ಲಿ ನಿಲ್ಲಿಸಲಾಯಿತು. ಮಾರನೇ ವರ್ಷ ನಿಯಮ ಬಿಗಿ ಮಾಡಿದರು. ನಗರದ ಜನಸಂಖ್ಯೆ 30 ಲಕ್ಷಕ್ಕಿಂತ ಹೆಚ್ಚು ಇರಬೇಕು, ಊರಿನ ವರಮಾನ ಇಷ್ಟಿರಬೇಕು ಅಂತ ಗೆರೆ ಎಳೆದರು. ಶಾಂಘೈಗೆ ಒಗ್ಗಿದ್ದು ಎಲ್ಲ ಊರಿಗೂ ಒಗ್ಗುವುದಿಲ್ಲ.

ನಮ್ಮ ಮೆಟ್ರೋಗೂ ಚೀನಾಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ, ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹೋಗುವುದು, ಅದರ ಮೊದಲ ಚಾಲಕರಹಿತ ರೈಲು ಚೀನಾದ ಸಿಆರ್‌ಆರ್‌ಸಿ ಕಂಪನಿಯದು. 2024ರ ಫೆಬ್ರವರಿಯಲ್ಲಿ ಚೆನ್ನೈ ಬಂದರಿಗೆ ಹಡಗಿನಲ್ಲಿ ಬಂದು, ಲಾರಿಗಳ ಮೇಲೆ ಬೆಂಗಳೂರಿಗೆ ಬಂತು. ಉಳಿದವನ್ನು ಕೋಲ್ಕತ್ತಾ ಹತ್ತಿರ ತಿತಾಗಢ ಕಂಪನಿ ತಯಾರಿಸುತ್ತಿದೆ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಓಡಿದ್ದು ಮೂರು ಬೋಗಿಯ ರೈಲು. ಪ್ಲಾಟ್‌ಫಾರ್ಮ್ ಮಾತ್ರ ಆರಕ್ಕೆ ಕಟ್ಟಿದ್ದರು. ಅದರಿಂದಲೇ 2018ರಲ್ಲಿ ಆರು ಬೋಗಿ ಮಾಡಲು ಆಯಿತು. 6ನೇ ಲೈನಿನಲ್ಲಿ ಒತ್ತಿಸಿಕೊಂಡು ಬಂದವನಿಗೆ ಇದರ ಬೆಲೆ ಗೊತ್ತು. ನಾವು ಹಿಂದೆ ಬಿದ್ದದ್ದು ಜಾಲದಲ್ಲಿ. ಒಂದೊಂದೇ ಲೈನು ಮುಗಿಸುತ್ತಾ ಹೋದೆವು. ಬದಲಾಯಿಸುವ ದೊಡ್ಡ ಸ್ಟೇಷನ್ ಅಂದರೆ ಬಹಳ ಕಾಲ ಮೆಜೆಸ್ಟಿಕ್ ಒಂದೇ ಇತ್ತು. ಲೈನುಗಳು ಒಂದನ್ನೊಂದು ಹತ್ತು ಕಡೆ ದಾಟಿದಾಗ ಜನ ಸ್ಕೂಟರ್ ಮನೆಯಲ್ಲಿ ಬಿಟ್ಟು ಬರುತ್ತಾರೆ. ಶಾಂಘೈನಲ್ಲಿ ನಾನು ಕಣ್ಣಾರೆ ನೋಡಿದ್ದು ಇದನ್ನೇ.

ರಾತ್ರಿ ಎಷ್ಟು ಹೊತ್ತಿನವರೆಗೆ ಇರುತ್ತದೆ?

ಹೆಚ್ಚಿನ ಲೈನುಗಳಲ್ಲಿ ಹತ್ತೂವರೆ, ಹನ್ನೊಂದಕ್ಕೆ ಕೊನೆಯ ರೈಲು. ಶುಕ್ರವಾರ ಶನಿವಾರ ಮುಖ್ಯ ಲೈನುಗಳಲ್ಲಿ ಇನ್ನೂ ಸ್ವಲ್ಪ ತಡವಾಗಿಯೂ ಇರುತ್ತದೆ. ಒಳಗೆ ಹೋಗುವಾಗ ಪ್ರತಿ ಸಲ ಬ್ಯಾಗ್ ಎಕ್ಸ್‌ರೇ ಮಾಡುತ್ತಾರೆ, ಅದಕ್ಕೂ ಐದು ನಿಮಿಷ ಇಟ್ಟುಕೊಳ್ಳಿ.

ಇನ್ನು ಎಲ್ಲಿಗೆ ಹೋಗುವುದು ಬಾಕಿ ಇದೆ?

ಹಲವು ಲೈನುಗಳ ಕೆಲಸ ನಡೆದಿದೆ. ನನಗೆ ಅದರಲ್ಲಿ ಇಷ್ಟವಾದದ್ದು ಚೊಂಗ್‌ಮಿಂಗ್ ಲೈನು. ಚೊಂಗ್‌ಮಿಂಗ್ ಅಂದರೆ ಯಾಂಗ್ಟ್ಸಿ ಸಮುದ್ರ ಸೇರುವ ಜಾಗದಲ್ಲಿರುವ ದ್ವೀಪ, ಲೆಕ್ಕಕ್ಕೆ ಶಾಂಘೈಯೇ. ಗದ್ದೆ, ಕಿತ್ತಳೆ ತೋಟ, ಏಡಿ ಸಾಕುವ ಹೊಂಡಗಳು. 2009ರವರೆಗೆ ಅಲ್ಲಿಂದ ಊರಿಗೆ ಬರಲು ದೋಣಿಯೇ ಗತಿ. ಮಂಜು ಬಿದ್ದರೆ ದೋಣಿ ಇಲ್ಲ. ಆ ವರ್ಷ ಸುರಂಗ, ಸೇತುವೆ ಬಂದ ಮೇಲೆ ಬಸ್ಸು ಬಂತು. ಈಗ ಆ ಮಹಾನದಿಯ ಕೆಳಗೆ ಮೆಟ್ರೋ ಸುರಂಗ ಕೊರೆದಿದ್ದಾರೆ. ನಮ್ಮ ಆಫೀಸಿನಲ್ಲಿ ಟೀ ಕಾಫಿ ನೋಡಿಕೊಳ್ಳುತ್ತಿದ್ದ ಹೆಂಗಸು ಆ ದ್ವೀಪದವರು. ವಾರವೆಲ್ಲ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಶುಕ್ರವಾರ ಸಂಜೆ ಬಸ್ಸು ಹಿಡಿಯುತ್ತಿದ್ದರು. ಆ ಲೈನು ಶುರುವಾದ ದಿನ ಕೋಣೆ ಖಾಲಿ ಮಾಡುತ್ತೇನೆ, ದಿನಾ ಮನೆಯಿಂದಲೇ ಬರುತ್ತೇನೆ ಅಂತ ಹೇಳುತ್ತಿದ್ದರು.